ಗುಡ್ಡದ ಮನೆಯ ಏರುದಾರಿ

ಮೇಲೂರಿನಾಚೆ ಗುಡ್ಡದ ಮೇಲೆ ನಮ್ಮದೊಂದು ಪುಟ್ಟ ತೋಟದ ಮನೆಯಿದೆ. ಗೇಟಿನಿಂದ ಮನೆಗೆ ಕಡಿದಾದ ಮಣ್ಣಿನ ದಾರಿ. ಅಲ್ಲಿಗೆ ಹೋದ ಪ್ರತಿ ಸಲದ ವಿವರವನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಹೋದ ಮಳೆಗಾಲದಲ್ಲಿ ಅಳಿಯನ ಕಾರು ಆ ಏರಿನಲ್ಲಿ ಹೂತುಕೊಂಡಾಗ, ‘ಕಾರಣ: ಚಾಲಕನ ಅವಸರ’ ಎಂದು ಬರೆದು, ಊಟಕ್ಕೆ ಕೂತವರಿಗೆಲ್ಲ ಓದಿ ಹೇಳಿದ್ದೆ.

ಈ ಚಳಿಗಾಲ, ಜಡಿಮಳೆ ನಿಂತ ಒಂದು ಬೆಳಿಗ್ಗೆ, ಅದೇ ಜಾಗದಲ್ಲಿ ನನ್ನ ಕಾರು ಹೂತುಕೊಂಡಿತು. ಮೇಲೆ ಜಗಲಿಯಲ್ಲಿ ಅಳಿಯ ಶಾಲು ಹೊದ್ದು, ಕಾಫಿ ಕುಡಿಯುತ್ತಾ ನೋಡುತ್ತಿದ್ದ. ಅವನು ಇಳಿದು ಬರುವುದರೊಳಗೆ ಹತ್ತಿಸಲೇಬೇಕೆಂದು ಆಕ್ಸಿಲರೇಟರ್ ಒತ್ತಿದೆ. ಚಕ್ರ ಇನ್ನಷ್ಟು ಇಳಿಯಿತು.

ಪಕ್ಕದ ತೋಟದಲ್ಲಿ ರೇಷ್ಮೆ ಸಾಕುವ ನಾರಾಯಣಮ್ಮ, ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳ ಹೊರೆ ಹೊತ್ತು ಬಂದರು.

“ತುಳೀಬೇಡ್ರಮ್ಮೋ! ನೀವು ಓದಿದೋರು ಅಂತ ಕೆಸರಿಗೇನು ಗೊತ್ತು?” ಎನ್ನುತ್ತಾ ಹೊರೆ ಬಿಚ್ಚಿ ಚಕ್ರದಡಿ ಹಾಸಿದರು. “ಈಗ ಬಿಡ್ರಿ, ಮರಿಹುಳಕ್ಕೆ ಸೊಪ್ಪು ಹಾಕ್ದಂಗೆ, ಮೆಲ್ಲಗೆ.”

ಕಾರು ಏರಿತು. ಅಳಿಯ ಕಾರಿನ ಬಾಗಿಲು ತೆರೆದು, “ಅತ್ತೆ, ಇವತ್ತು ಕಾರಣ ಏನಂತ ಬರೀತೀರಾ?” ಎಂದ.

‘ದಾರಿಯ ದೋಷ’ ಎಂದು ಬರೆದೆ.

“ಹಂಗಾದ್ರೆ ನನ್ನ ಪುಟಾನೂ ತಿದ್ದಿಬಿಡಿ.”

ಅದು ಮಾತ್ರ ಆಗಲಿಲ್ಲ. ದಾಖಲೆ ತಿದ್ದುವ ಅಭ್ಯಾಸ ನನಗಿಲ್ಲ.