ವೆಂಡೆಲ್ ಮಂಡಿಯೂರಿದ್ದು

ವೆಂಡೆಲ್ ಹ್ರಿಂಕಿವ್‌ಗಿದ್ದ ದೊಡ್ಡ ಪ್ರತಿಭೆ ಅಂದರೆ ಕೆನಡಾದ ಸಸ್ಕಾಚೆವಾನಿನಲ್ಲಿ ಹುಟ್ಟಿದ್ದು. ಓಟ ಸುಮಾರು, ಎಸೆತವನ್ನಂತೂ ಕೇಳಲೇಬೇಡಿ. ಆದರೆ ನಮ್ಮ ಫುಟ್‌ಬಾಲ್ ಲೀಗಿನಲ್ಲಿ ಪ್ರತಿ ತಂಡದಲ್ಲೂ ಇಷ್ಟು ಮಂದಿ ಕೆನಡಾದವರೇ ಇರಬೇಕು ಅಂತ ಕಟ್ಟಳೆ. ನಮ್ಮ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೇ ಹಿಡಿದು ಓಡುವುದು; ಆ ಕೆಲಸವೆಲ್ಲ ಅಮೆರಿಕದಿಂದ ಬಂದ ಹುಡುಗರದ್ದು, ಲೆಕ್ಕ ತುಂಬುವ ಕೆಲಸ ವೆಂಡೆಲ್‌ನದ್ದು. ಎಂಬತ್ತರ ದಶಕದ ಅರ್ಧಭಾಗ ಆ ಕೆಲಸವನ್ನು ಆತ ಬಲು ಚೊಕ್ಕವಾಗಿ ಮಾಡಿದ. ಆಟವಿಲ್ಲದ ಚಳಿಗಾಲದಲ್ಲಿ ಮಾವನ ಅಂಗಡಿಯಲ್ಲಿ ಕಾರುಗಳ ಟೈರು ಬದಲಾಯಿಸುತ್ತಿದ್ದ.

ಅಲ್ಲಿಗೆ ಬಂದ ಗಿರಾಕಿಗಳು ಸುಮ್ಮನಿರಬೇಕಲ್ಲ!

"ಟೀವೀಲಿ ನೋಡಿದ್ವಪ್ಪಾ ವೆಂಡೆಲ್ ನಿನ್ನ. ಬೆಂಚ್ ಮೇಲೆ ಏನ್ ಚೆನ್ನಾಗಿ ಕೂತಿದ್ದೆ ಮಾರಾಯ!"

ಅವರೆದುರು ಹಲ್ಲು ಕಿರಿದು, ಮನೆಗೆ ಬಂದು ಹೆಂಡತಿ ಡಾರ್ಲೀನ್ ಮುಂದೆ ಉರಿದುಬೀಳುತ್ತಿದ್ದ. "ಒಂದೇ ಒಂದು ಸಲ ಕಣೇ! ಇವನನ್ನ ಆಟಕ್ಕೋಸ್ಕರ ಇಟ್ಕೊಂಡಿದಾರೆ ಅಂತ ಊರೋರು ಅನ್ಬೇಕು. ಅಷ್ಟಾದ್ರೆ ಸಾಕು ನಂಗೆ."

"ಆಯ್ತು, ಪೆರೋಗಿ ಕಡುಬು ಆರೋಗ್ತಿದೆ, ಮೊದ್ಲು ತಿನ್ನು" ಅನ್ನುವಳು ಆಕೆ.

ಬೆಂಚು ಬಿಸಿ ಮಾಡುವವನಿಗೆ ಬಾಯಿ ಮಾತ್ರ ಜಾಸ್ತಿ. ಎದುರಾಳಿ ಒದ್ದ ಚೆಂಡು ನಮ್ಮ ಕೊನೇ ಗೆರೆಯ ಹಿಂದಿನ ಅಂಗಳಕ್ಕೆ ಬಂದಾಗ, ಅದನ್ನು ಹೊರಗೆ ತರಲಾರದೆ ಮಂಡಿಯೂರಿದರೆ ನಮ್ಮಲ್ಲಿ ಎದುರಾಳಿಗೆ ಒಂದು ಅಂಕ. ಅಮೆರಿಕದ ಆಟದಲ್ಲಿ ಹಾಗೆ ಊರಿದರೆ ಏನೂ ನಷ್ಟವಿಲ್ಲ. ಹಾಗಾಗಿ ಪ್ರತಿ ವರ್ಷ ಹೊಸ ಹುಡುಗನೊಬ್ಬ ಗೊತ್ತಿಲ್ಲದೆ ಊರುತ್ತಿದ್ದ, ವೆಂಡೆಲ್‌ಗೆ ಅವತ್ತು ಹಬ್ಬ.

"ಲೋ, ಇದು ನಿಮ್ಮ ಅಲಬಾಮಾ ಅಲ್ಲ ಕಣ್ರೋ! ನಾವು ಮುಂದಿದ್ರೆ ಒಂದು ಅಂಕ ಬಿಸಾಕಿ ಮಂಡಿ ಊರು, ಅದು ಜಾಣತನ. ಸಮ ಇದ್ದಾಗ ಊರಿದ್ಯೋ, ಸತ್ವಿ! ಓಡು, ಇಲ್ಲಾ ಚೆಂಡನ್ನ ವಾಪಸ್ ಒದಿ. ಇಷ್ಟೂ ಗೊತ್ತಾಗಲ್ವಾ?"

ನವೆಂಬರಿನ ಸೆಮಿಫೈನಲ್. ನಮ್ಮೂರ ಮೈದಾನ, ಹಿಮ ಬೀಳುತ್ತಿದೆ, ಎರಡೂ ತಂಡ ಸಮಸಮ. ಎದುರಾಳಿಯದು ಕೊನೆಯ ಒದೆತ ಬಾಕಿ. ಅದನ್ನು ಹಿಡಿಯಬೇಕಾಗಿದ್ದ ಅಮೆರಿಕದ ಹುಡುಗನ ಕಾಲು ಉಳುಕಿತು. ಟೆಕ್ಸಾಸಿನಿಂದ ಆ ವರ್ಷವಷ್ಟೇ ಬಂದಿದ್ದ ಕೋಚ್ ಟಿಬೆಟ್ಸ್ ಬೆಂಚಿನ ಕಡೆ ತಿರುಗಿ, "ಈ ಒಂದು ಅಂಕದ ದರಿದ್ರ ಸರಿಯಾಗಿ ಯಾರಿಗಯ್ಯಾ ಗೊತ್ತು?" ಅಂದ. ಎಲ್ಲರೂ ವೆಂಡೆಲ್‌ನನ್ನು ತೋರಿಸಿದರು.

"ಹೋಗು. ಏನೇ ಆದ್ರೂ ಮಂಡಿ ಊರ್ಬೇಡ."

"ನಂಗೆ ಹೇಳ್ತೀರಾ ಸಾರ್?" ಅಂತ ಎದೆಯುಬ್ಬಿಸಿ ಹೋದ.

ಒದೆತ ಗೋಲು ತಪ್ಪಿ, ಚೆಂಡು ಸೀದಾ ಕೊನೇ ಗೆರೆಯ ಹಿಂದೆ ನಿಂತಿದ್ದ ಅವನ ತೋಳಿಗೇ ಬಂದು ಬಿತ್ತು. ಹಿಡಿದೂಬಿಟ್ಟ! ಇಡೀ ಮೈದಾನ "ವೆಂಡೆಲ್, ವೆಂಡೆಲ್" ಅಂತ ಕೂಗಿತು. ಜನ್ಮದಲ್ಲಿ ಕೇಳದ ಆ ಕೂಗಿಗೆ ತಲೆ ತಿರುಗಿತೋ, ಮೈಮೇಲೆ ನುಗ್ಗಿ ಬರುತ್ತಿದ್ದ ಎದುರಾಳಿ ದಢಿಯರನ್ನು ಕಂಡು ಹೆದರಿಬಿಟ್ಟನೋ, ದೇವರೇ ಬಲ್ಲ. ನಮ್ಮ ಮಕ್ಕಳಿಗೆ ಶಾಲೆಯಿಂದಲೇ ರೂಢಿ, ಕಷ್ಟ ಅನ್ನಿಸಿದರೆ ಒಂದು ಅಂಕ ಕೊಟ್ಟು ಮರ್ಯಾದೆಯಾಗಿ ಕೂತುಬಿಡುವುದು. ಇನ್ನೊಬ್ಬರ ಮೈಮೇಲೆ ಬೀಳುವುದಕ್ಕಿಂತ ಕೊಟ್ಟುಬಿಡೋದು ವಾಸಿ ಅನ್ನುವ ಜಾತಿ ನಮ್ಮದು. ವೆಂಡೆಲ್‌ನ ಬಲಮಂಡಿ ನಿಧಾನವಾಗಿ, ಲಕ್ಷಣವಾಗಿ ಹಿಮಕ್ಕೆ ತಾಗಿತು. ರೆಫರಿ ಒಂದು ಬೆರಳೆತ್ತಿದ. ನಾವು ಸೋತೆವು.

ಅಲ್ಲ, ಅಮೆರಿಕದ ಹುಡುಗರು ಗೊತ್ತಿಲ್ಲದೆ ಊರುತ್ತಿದ್ದರು. ಈ ಪುಣ್ಯಾತ್ಮ ಊರಿಗೆಲ್ಲ ಪಾಠ ಹೇಳಿ ಊರಿದನಲ್ಲ!

ಟೈರ್ ಅಂಗಡಿಯಲ್ಲಿ ಯಾರೂ ಬೈಯಲಿಲ್ಲ. "ಹೋಗ್ಲಿ ಬಿಡು ವೆಂಡೆಲ್" ಅಂತ ಬೆನ್ನು ತಟ್ಟಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಬೆನ್ನು ತಟ್ಟಿಸಿಕೊಂಡು ತಟ್ಟಿಸಿಕೊಂಡು ತಡೆಯಲಾರದೆ, ಕಡೆಗೆ ಡಾರ್ಲೀನಳನ್ನು ಕಾರಿನಲ್ಲಿ ಕೂರಿಸಿ ಕೋಚನ ಕಚೇರಿಗೆ ಹೋದ. ಆಟ ಕೆಡಿಸಿದ್ದಕ್ಕೆ ಕತ್ತು ಹಿಡಿದು ದಬ್ಬಿದರೂ ಸರಿ, ಆಟಗಾರ ಅಂತಲಾದರೂ ಆಯಿತಲ್ಲ ಅನ್ನುವ ಆಸೆ ಪಾಪ.

"ನೀವು ಓಡಿಸೋ ಮೊದ್ಲು ನಾನೇ ಹೋಗ್ತೀನಿ ಸಾರ್."

"ಓಡಿಸೋದಾ? ಯಾಕಯ್ಯಾ?"

"ಪಂದ್ಯ ಸೋಲಿಸಿದ್ನಲ್ಲ ಸಾರ್."

"ಅಯ್ಯೋ, ಅದಕ್ಕೂ ಇದಕ್ಕೂ ಏನ್ ಸಂಬಂಧ?" ಅಂದ ಕೋಚ್, ತಲೆಯನ್ನೂ ಎತ್ತದೆ. "ನೀನು ಇಲ್ಲೇ ಹುಟ್ಟಿದೋನು ತಾನೇ? ಮುಂದಿನ ವರ್ಷಾನೂ ಬಾ."

ವೆಂಡೆಲ್ ಕಾರಿಗೆ ಬಂದು ಬಾಗಿಲು ಹಾಕಿಕೊಂಡ.

"ಬೈದ್ರಾ?" ಅಂದಳು ಡಾರ್ಲೀನ್.

"ಇಲ್ಲ ಕಣೇ" ಅಂದವನೇ ಸ್ಟೀರಿಂಗಿಗೆ ಹಣೆ ಹಚ್ಚಿ ಬಿಕ್ಕಿದ. "ಬೈಲೇ ಇಲ್ಲ."