ಕಾವಿಗೆ ಕೂತ ಪೆಟ್ಟಿಗೆ

ಗಿರಾಕಿಗಳಿಗೆಲ್ಲ ಅವಳು ರಿಪೇರಿ ಅಕ್ಕ. ರೇಡಿಯೋ ಕಾರ್ಖಾನೆ ಮುಚ್ಚುವ ತನಕ ಅಲ್ಲಿ ಬೆಸುಗೆ ಹಾಕುತ್ತಿದ್ದವಳು, ಆಮೇಲೆ ಮನೆಯ ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿಕೊಂಡು ಕೂತಳು. ಮಿಕ್ಸಿಯೋ ಫ್ಯಾನೋ ಇಸ್ತ್ರಿಪೆಟ್ಟಿಗೆಯೋ, ಯಾರು ಏನು ತಂದಿಟ್ಟರೂ ಮೊದಲು ಬೋರಲು ಹಾಕಿ ಸ್ಕ್ರೂ ಬಿಚ್ಚುವುದು, ಮಾತು ಆಮೇಲೆ. "ಇದು ಏನು ಮಾಡುತ್ತೆ ಅನ್ನೋದು ನಿಮ್ಮ ತಲೆನೋವು. ಯಾಕೆ ಮಾಡ್ತಿಲ್ಲ ಅನ್ನೋದು ನನ್ನದು" ಎನ್ನುತ್ತಿದ್ದಳು. ಸ್ವಲ್ಪ ಜಂಬವೇ ಅನ್ನಿ. ಆದರೆ ಎಲ್ಲರೂ ಕೈಬಿಟ್ಟ ಯಂತ್ರಗಳು ಅವಳ ಕೈಯಲ್ಲಿ ಎದ್ದು ಕೂರುವುದನ್ನು ಕಂಡವರು ಆ ಜಂಬವನ್ನು ಸಹಿಸಿಕೊಳ್ಳುತ್ತಿದ್ದರು.

ಅಂಥವಳ ಮುಂದೆ ಒಂದು ಬೆಳಿಗ್ಗೆ ಅತ್ತಿಗೆ ಏದುಸಿರು ಬಿಡುತ್ತ ಬಂದು ನಿಂತಳು. ಪಕ್ಕದ ಬೀದಿಯಲ್ಲಿರುವ ಅಣ್ಣನ ಹೆಂಡತಿ. ಹಿಂದಿನ ವಾರವಷ್ಟೇ ಬೀದಿನಾಯಿಗಳು ಗೂಡಿಗೆ ನುಗ್ಗಿ ಅವಳ ಕರಿಕೋಳಿಗಳಲ್ಲಿ ಒಂದನ್ನೂ ಉಳಿಸಿರಲಿಲ್ಲ. ಅದು ಅವಳ ತಾಯಿ ಸಾಕಿ ಕೊಟ್ಟಿದ್ದ ತಳಿ. ಉಳಿದಿದ್ದು, ಅದಕ್ಕೂ ಮೊದಲೇ ಕರೆಂಟಿನ ಕಾವಿನ ಪೆಟ್ಟಿಗೆಯಲ್ಲಿ ಇಟ್ಟಿದ್ದ ಮೊಟ್ಟೆಗಳು ಮಾತ್ರ. ಈಗ ಆ ಪೆಟ್ಟಿಗೆಯೇ ಕೆಟ್ಟು ತಣ್ಣಗಾಗಿತ್ತು.

"ಮರಿ ಆಗೋಕೆ ಇನ್ನೊಂದು ವಾರ ಇತ್ತು ಕಣೇ. ಈಗ ಇವೂ ಹೋದ್ರೆ ಅಮ್ಮನ ಕೋಳಿ ಅನ್ನೋದೇ ಇರಲ್ಲ."

ಹೋಗಿ ನೋಡಿದರೆ, ರಾತ್ರಿಯಿಡೀ ಬಸ್ಸು ಓಡಿಸಿ ಬಂದು ಮಲಗಬೇಕಿದ್ದ ಅಣ್ಣ ಮೊಟ್ಟೆಗಳನ್ನೆಲ್ಲ ಕಂಬಳಿಯೊಳಗೆ ಎದೆಗವಚಿಕೊಂಡು ಗೋಡೆಗೊರಗಿ ಕೂತಿದ್ದ.

"ಅಲ್ಲಾಡಬೇಡಿ, ಒಡೆದು ಹೋಗುತ್ತೆ" ಎಂದು ಅತ್ತಿಗೆ ಗದರಿದಳು.

"ಉಸಿರಾದ್ರೂ ಆಡಬಹುದೇನೇ?"

ಮದುವೆಯಾದ ಮೇಲೆ ಅಣ್ಣ ಹೆಂಡತಿಯ ಮಾತನ್ನು ಇಷ್ಟು ಚಾಚೂ ತಪ್ಪದೆ ಕೇಳಿದ್ದನ್ನು ತಂಗಿ ಕಂಡಿರಲಿಲ್ಲ.

ಪೆಟ್ಟಿಗೆಯ ಬೆನ್ನು ಬಿಚ್ಚಿದಳು. ಬಲ್ಬು ಸರಿ ಇತ್ತು, ವೈರು ಸರಿ, ಫ್ಯೂಸೂ ಸರಿ. ಕೆಟ್ಟಿದ್ದು ಒಳಗಿನ ಬಿಸಿಯನ್ನು ಅರಿಯುವ ಸೆನ್ಸರ್, ಸಾಸಿವೆ ಕಾಳಿನಷ್ಟರ ಒಂದು ಮಣಿ. ಬಿಸಿ ಹೆಚ್ಚಾದರೆ ಬಲ್ಬು ಆರಿಸುವುದು, ಇಳಿದರೆ ಹೊತ್ತಿಸುವುದು ಅದರ ಕೆಲಸ. ಬಿಡಿಭಾಗದ ಅಂಗಡಿಯವನಿಗೆ ಫೋನ್ ಮಾಡಿದರೆ ನಕ್ಕುಬಿಟ್ಟ. "ಅದು ಬರೋದು ನಿಂತು ಯಾವ ಕಾಲ ಆಯ್ತಕ್ಕಾ! ಪೆಟ್ಟಿಗೆನೇ ಹೊಸದು ತರಿಸಿಬಿಡಿ." ಹೊಸದು ಬರುವಷ್ಟರಲ್ಲಿ ಮೊಟ್ಟೆಗಳ ಕತೆ ಮುಗಿದಿರುತ್ತಿತ್ತು.

ಆಗ ಅವಳಿಗೆ ಹೊಳೆದದ್ದು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್. ಅಂಕಿ ತೋರಿಸುವ ಗಾಜು ಒಡೆದು ಕೆಲಸಕ್ಕೆ ಬಾರದ್ದೊಂದು ಅವಳ ಡಬ್ಬಿಯಲ್ಲಿ ಬಿದ್ದಿತ್ತು. ಅದರ ತುದಿಯಲ್ಲೂ ಅಂಥದೇ ಮಣಿ, ಮೈ ಬಿಸಿಯ ಆಸುಪಾಸಿನಲ್ಲಂತೂ ಕೂದಲೆಳೆ ತಪ್ಪದ ಮಣಿ. ಅದನ್ನು ಕತ್ತರಿಸಿ ತೆಗೆದು ಹಳೆಯದರ ಜಾಗದಲ್ಲಿ ಬೆಸೆದಳು. ಎರಡರ ಅಳತೆ ಹೊಂದಲಿಲ್ಲ, ನಡುವೆ ಒಂದು ರೆಸಿಸ್ಟರ್ ಸೇರಿಸಿ ಹೊಂದಿಸಿದಳು. ಇನ್ನು ಎಷ್ಟು ಬಿಸಿಗೆ ಬಲ್ಬು ಆರಬೇಕು? ಕೋಳಿ ಮೈ ಬಿಸಿಯಿಂದಲೇ ತಾನೆ ಕಾವು ಕೊಡುವುದು! ಮಣಿಯನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು, ಬಲ್ಬು ಆರುವ ತನಕ ಪೆಟ್ಟಿಗೆಯ ಬಿಸಿ ಹೊಂದಿಸುವ ತಿರುಪು ತಿರುಗಿಸಿದಳು. ಪೆಟ್ಟಿಗೆ ಬೆಚ್ಚಗಾಯಿತು, ಅಣ್ಣನಿಗೆ ಬಿಡುಗಡೆಯಾಯಿತು.

"ಬದುಕಿವೆಯಾ ನೋಡೋಣ ಬಾ" ಎಂದು ಅತ್ತಿಗೆ ಪರದೆ ಎಳೆದು, ಒಂದು ಮೊಟ್ಟೆಯ ಕೆಳಗೆ ಟಾರ್ಚ್ ಹಿಡಿದಳು. ಚಿಪ್ಪಿನೊಳಗೆ ಕೆಂಪು ನರಗಳು ಕವಲೊಡೆದು ಹಬ್ಬಿದ್ದವು, ನಡುವೆ ಕಪ್ಪಗಿನದೊಂದು ಮಿಸುಕಾಡಿತು. ಜೀವಮಾನವಿಡೀ ತಾಮ್ರದ ಗೆರೆಗಳನ್ನು ನೋಡಿದವಳು ಬಾಯಿ ಬಿಟ್ಟುಕೊಂಡು ನಿಂತಳು. ಇಲ್ಲಿ ಯಾರೂ ಬೆಸುಗೆ ಹಾಕದೆ ಎಲ್ಲವೂ ಕೂಡಿಕೊಳ್ಳುತ್ತಿತ್ತು, ಬೆಳೆಯುತ್ತಲೂ ಇತ್ತು. ರಿಪೇರಿ ಮಾಡಿದ ಪೆಟ್ಟಿಗೆಯನ್ನು ಬಿಟ್ಟು ಮನೆಗೆ ಹೋಗಲು ಮನಸ್ಸೇ ಬರಲಿಲ್ಲ.

ಮರಿಯಾಗಬೇಕಿದ್ದ ದಿನ ಬಂತು, ಹೋಯಿತು. ಒಂದು ಮೊಟ್ಟೆಯೂ ಬಿರಿಯಲಿಲ್ಲ. ಮರುದಿನವೂ ಇಲ್ಲ.

"ಒಳಗೆ ಸ್ವಲ್ಪ ತಣ್ಣಗಿದೆ ಅಂತ ನನಗೆ ಮೊದಲೇ ಅನ್ನಿಸಿತ್ತು" ಎಂದಳು ಅತ್ತಿಗೆ, ಮೆಲ್ಲಗೆ. "ಕೋಳಿ ಹೊಟ್ಟೆ ಕೆಳಗೆ ಕೈ ಹಾಕಿದ್ರೆ ಜ್ವರ ಬಂದ ಮಗೂನ ಮುಟ್ಟಿದ ಹಾಗಿರುತ್ತೆ. ಆದ್ರೆ ನೀನು ಮಾಡಿದ್ದಲ್ವಾ, ತಪ್ಪಾಗಿರಲ್ಲ ಅಂತ ಸುಮ್ಮನಿದ್ದೆ."

ಕೋಳಿಯ ಮೈ ಮನುಷ್ಯರ ಮೈಗಿಂತ ಬಿಸಿ ಎಂಬುದು ರಿಪೇರಿ ಅಕ್ಕನಿಗೆ ತೋಚಿಯೇ ಇರಲಿಲ್ಲ. ತನ್ನ ಕಂಕುಳಿನ ಅಳತೆ ಹಿಡಿದು ಒಂದು ತಳಿಯನ್ನೇ ಮುಗಿಸಿಬಿಟ್ಟೆನಲ್ಲ! ಬಿಸಿ ಏರುವಂತೆ ತಿರುಪನ್ನು ಒಂಚೂರು ತಿರುಗಿಸಿದಳು.

"ಇನ್ಯಾಕೆ, ಬಿಡೇ" ಎಂದಳು ಅತ್ತಿಗೆ.

ಬಿಡಲಿಲ್ಲ. ಗಿರಾಕಿಗಳ ಕೆಲಸವನ್ನೆಲ್ಲ ಬದಿಗಿಟ್ಟು ಪೆಟ್ಟಿಗೆಯ ಮುಂದೆಯೇ ಕೂತಳು. ಬಿಚ್ಚಲು ಸ್ಕ್ರೂ ಇಲ್ಲ, ಮೀಟರ್ ಹಿಡಿದು ನೋಡಲು ವೈರಿಲ್ಲ. ಸುಮ್ಮನೆ ಕಾಯಬೇಕು, ಅದೊಂದು ಅವಳಿಗೆ ಬಾರದ ಕೆಲಸ. ಮಧ್ಯಾಹ್ನ ತಡೆಯಲಾರದೆ ಒಂದು ಮೊಟ್ಟೆಯನ್ನು ಕಿವಿಗೆ ಹಿಡಿದಳು. ಟಕ್. ಸುಮ್ಮನಾಯಿತು. ಮತ್ತೆ ಟಕ್, ಟಕ್. ಆಮೇಲೆ ಒಳಗಿನಿಂದ ಎಳೆಯಷ್ಟು ಸಣ್ಣ ದನಿ, ಚಿಂವ್.

"ಅತ್ತಿಗೇ!"

ಸಂಜೆಯೊಳಗೆ ಚಿಪ್ಪುಗಳು ಒಂದೊಂದಾಗಿ ಒಡೆದವು. ಎಲ್ಲವೂ ಅಲ್ಲ, ಕೆಲವು ಕೊನೆಗೂ ಮಿಸುಕಲಿಲ್ಲ. ಒಡೆದವುಗಳಿಂದ ಒದ್ದೆಮುದ್ದೆ ಕರಿಮರಿಗಳು ಹೊರಬಿದ್ದು, ಬಲ್ಬಿನ ಕೆಳಗೆ ಎದ್ದವು, ಬಿದ್ದವು, ಮತ್ತೆ ಎದ್ದವು. ಅತ್ತಿಗೆ ಅಳುತ್ತಳುತ್ತಲೇ ನಗುತ್ತಿದ್ದಳು. "ಕಾವು ಕಮ್ಮಿ ಆಗಿದ್ದಕ್ಕೆ ನಿಧಾನ ಮಾಡಿದ್ವು ಅಷ್ಟೇ ಕಣೇ!"

ಒಂದು ತಂತಿ ತಪ್ಪಿ ಜೋಡಿಸಿದರೆ ಸುಟ್ಟು ಹೊಗೆಯಾಡುವ ಸಾಮಾನುಗಳ ನಡುವೆ ಬದುಕಿದವಳು ರಿಪೇರಿ ಅಕ್ಕ. ಅವಳ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು, ತಡವಾಗಿಯಾದರೂ ಸರಿ ಎಂದು ಎದ್ದು ಬಂದದ್ದು ಈ ಮರಿಗಳೇ ಮೊದಲು. ಅತ್ತಿಗೆ ಒಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟಳು. ಅದರ ಮೈ ಅವಳ ಕೈಗಿಂತ ಬಿಸಿಯಾಗಿತ್ತು.