ಕಪ್ಪಾದ ರಸೀದಿಗಳು

ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಸದಾ ಒಣಗಿದ ಗೋಂದಿನ ಪೊರೆ ಇರುತ್ತಿತ್ತು. ಮಾತಾಡುತ್ತಲೇ ಹೆಬ್ಬೆರಳಿನಿಂದ ಅದನ್ನು ಸುಲಿದು, ಕಾಗದದ ಚೂರಿನಲ್ಲಿ ಮಡಚಿ ಬುಟ್ಟಿಗೆ ಹಾಕುತ್ತಿದ್ದರು. ಜಪಾನಿನ ಹಮಾಮತ್ಸು ಊರಿನ ನಮ್ಮ ಪುಟ್ಟ ಕಂಪನಿಯ ಲೆಕ್ಕಪತ್ರವೆಲ್ಲ ಅವರದೇ. ನಿವೃತ್ತಿಯ ಮೇಲೂ ವರ್ಷ ವರ್ಷದ ಕರಾರಿನಲ್ಲಿ ಉಳಿದುಕೊಂಡಿದ್ದ ಜಪಾನಿ ಹೆಂಗಸು. ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಅವರನ್ನು ಲೆಕ್ಕದಮ್ಮ ಎನ್ನುತ್ತಿದ್ದೆವು.

ನಾವು ಕೊಟ್ಟ ಒಂದೊಂದು ರಸೀದಿಯನ್ನೂ ಬಿಳಿ ಹಾಳೆಗೆ ಅಂಟಿಸಿ, ಪಕ್ಕದಲ್ಲಿ ಕಾರಣ ಬರೆದು, ಮೊಹರು ಒತ್ತುತ್ತಿದ್ದರು. ಎರಡೂ ಕೈಯಲ್ಲಿ ಚೀಟಿ ಹಿಡಿದು ಬಂದು, "ಸುಮಿಮಾಸೆನ್, ಕ್ಷಮಿಸಿ, ಈ ಪಾರ್ಕಿಂಗ್ ಯಾರನ್ನು ನೋಡಲು ಹೋದಾಗಿನದು?" ಎನ್ನುವರು. ನನಗೆ ರೇಗುತ್ತಿತ್ತು. ಇಷ್ಟು ಚಿಲ್ಲರೆಗೆ ಯಾಕಿಷ್ಟು ಪಾಡು ಎಂದು ಒಮ್ಮೆ ಕೇಳಿಯೂಬಿಟ್ಟೆ. "ಆಡಿಟರು ಹೊರಗಿನವರು. ನಾವು ಪ್ರಾಮಾಣಿಕರು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?" ಎಂದರು.

ಒಂದು ವರ್ಷ ಆಡಿಟ್‌ಗೆ ಮುಂಚೆ ಅವರಿಗೆ ಜ್ವರ. ಉಳಿದ ರಸೀದಿಗಳನ್ನು ಅಂಟಿಸಿಡಿ ಎಂದು ಫೋನಿನಲ್ಲಿ ನನ್ನನ್ನು ಕೇಳಿಕೊಂಡರು. ಗೋಂದು ಬಳಿಯುತ್ತ ಯಾರು ಕೂರುತ್ತಾರೆ? ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಬೆಲೆಯುಳ್ಳ ಕಾಗದವೆಲ್ಲ ಲ್ಯಾಮಿನೇಷನ್ ಆಗಬೇಕು. ಆಫೀಸಿನಲ್ಲಿ ಯಂತ್ರವೂ ಇತ್ತು. ಹಾಳೆಗೆ ಆರರಂತೆ ಜೋಡಿಸಿ ತಳ್ಳಿದೆ. ಬಿಲ್ ಕಾಗದಕ್ಕೆ ಬಿಸಿ ತಗುಲಿದರೆ ಕಪ್ಪಾಗುತ್ತದೆಂಬ ಬುದ್ಧಿ ಈ ಇಂಜಿನಿಯರಿಗೆ ಹೊಳೆಯಲಿಲ್ಲ. ಮೊದಲನೆಯದು ಕಪ್ಪಗೆ ಹೊರಬರುವಷ್ಟರಲ್ಲಿ ಎರಡನೆಯದೂ ಅರ್ಧ ಒಳಗೆ ಹೋಗಿತ್ತು. ಎರಡನ್ನೂ ಫೈಲಿಗೆ ಸೇರಿಸಿ ಸುಮ್ಮನಾದೆ.

ಆಡಿಟರು ಫೈಲು ತೆರೆದಾಗ ನಮ್ಮ ಬಾಸ್ ಕೂಡ ಇದ್ದರು. ಜ್ವರದಿಂದ ಎದ್ದು ಅಂದೇ ಬಂದಿದ್ದ ಲೆಕ್ಕದಮ್ಮ ಆ ಹಾಳೆಗಳನ್ನು ಆಗಲೇ ಮೊದಲ ಸಲ ನೋಡಿದ್ದು. ಎದ್ದು ನಿಂತು, ಸೊಂಟದವರೆಗೆ ಬಗ್ಗಿ, "ಇದು ನನ್ನ ಹೊಣೆ, ಕ್ಷಮಿಸಬೇಕು" ಎಂದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ನಾನು ಚಹಾದ ಲೋಟ ನೋಡುತ್ತ ಕುಳಿತಿದ್ದೆ. ಆಮೇಲೆ ಅವರು ಅಂಗಡಿ ಅಂಗಡಿಗೂ ಹೋಗಿ ಕೈಬರಹದ ರಸೀದಿ ಬರೆಸಿ ತಂದರು. ಆದರೂ ಬಾಸ್ ಕರಾರನ್ನು ಮುಂದುವರಿಸಲಿಲ್ಲ.

"ಹಾಳ್ ಮಾಡಿದ್ದು ನೀವು, ಬಗ್ಗಿದ್ದು ಅವ್ರು. ನಾಳೆನೇ ಹೋಗಿ ಬಾಸ್‌ಗೆ ಹೇಳ್ಬಿಡಿ," ಎಂದಳು ಹೆಂಡತಿ.

"ವೀಸಾ ರಿನ್ಯೂವಲ್ ಇದೆ ಕಣೇ, ಬಾಸೇ ಸೈನ್ ಹಾಕ್ಬೇಕು. ಅದೊಂದು ಮುಗೀಲಿ."

ವೀಸಾ ಬಂತು. ನನ್ನ ಬಾಯಿ ಮಾತ್ರ ಬರಲಿಲ್ಲ.

ಅವರ ಕೊನೆಯ ದಿನ ಲಿಫ್ಟಿನವರೆಗೆ ಹಿಂದೆಯೇ ಹೋಗಿ, ಅದು ನನ್ನ ತಪ್ಪು ಎಂದು ತೊದಲಿದೆ.

"ಗೊತ್ತು," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನಮ್ಮಲ್ಲಿ ಹೊಣೆ ಹೊತ್ತವರು ಮೊದಲು ಬಗ್ಗುತ್ತಾರೆ. ಆಗ ತಪ್ಪು ಮಾಡಿದವರು ಎದ್ದು, ಅಲ್ಲ, ಅದು ನಾನು ಅನ್ನುತ್ತಾರೆ. ನೀವು ಈ ರೀತಿಗೆ ಹೊಸಬರು, ಧೈರ್ಯ ತಂದುಕೊಳ್ಳಲು ಹೊತ್ತು ಬೇಕಾದೀತು ಅಂತ ಆ ದಿನ ಸ್ವಲ್ಪ ಹೆಚ್ಚೇ ಬಗ್ಗಿದ್ದೆ."

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಬಾಸ್‌ಗೆ ನಾನು ಇನ್ನೂ ಹೇಳಿಲ್ಲ.